ಕದ ಹಾಕುವ ಮುನ್ನ

ನನಗೊಂದು ಕೆಟ್ಟ ಅಭ್ಯಾಸವಿತ್ತು. ಕೆಟ್ಟದ್ದು ಎಂದವಳು ನನ್ನ ಹೆಂಡತಿ ಜಯ. ನನ್ನ ಮಟ್ಟಿಗೆ ಅದು ವಂಶದ ಆಸ್ತಿ. ಸಂಜೆ ದೇವರ ದೀಪ ಹಚ್ಚಿದ ಮೇಲೆ, ಬೀದಿ ಬಾಗಿಲು ಮುಚ್ಚುವ ಮೊದಲು ಹೊಸ್ತಿಲಲ್ಲಿ ನಿಂತು, "ಒರಗೆ ಯಾರಾನ ಇದೀರಾ? ಕದ ಆಕ್ತೀವಿ!" ಎಂದು ಮೂರು ಸಲ ಕೂಗುವುದು. ಕೂಗಿ, ಪ್ರತಿ ಸಲವೂ ಒಂದು ಉಸಿರಿನಷ್ಟು ಹೊತ್ತು ಕಿವಿಗೊಟ್ಟು ಕಾಯುವುದು. ಯಾರೂ ಓಗೊಡದಿದ್ದರೆ ಬಾಗಿಲು ಹಾಕಿ ಅಗುಳಿ ಜಡಿಯುವುದು. ಕಚೇರಿಯಲ್ಲಿ ಮೂವತ್ತೈದು ವರ್ಷ 'ಹಾಲು' ಅನ್ನಲಾರದೆ 'ಆಲು' ಅನ್ನುವವರನ್ನು ತಿದ್ದಿ ತಿದ್ದಿ ಕೆಟ್ಟವನಾದ ನಾನು, ಈ ಒಂದು ಕೂಗನ್ನು ಮಾತ್ರ ನಮ್ಮೂರ ನಾಲಿಗೆಯಲ್ಲೇ ಕೂಗುತ್ತಿದ್ದೆ. ಒಮ್ಮೆ "ಹೊರಗೆ ಯಾರಾದರೂ ಇದ್ದೀರಾ" ಎಂದು ಶುದ್ಧವಾಗಿ ಕೂಗಿ ನೋಡಿದೆ. ಕಂಪನಿ ನಾಟಕದ ಮಾತಿನ ಹಾಗೆ ಕೇಳಿಸಿತು, ಬಿಟ್ಟುಬಿಟ್ಟೆ.

ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಇದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆ ಬೀದಿಯಲ್ಲಿ ಸಂಜೆ ಆ ಹೊತ್ತಿಗೆ ಮಸೀದಿಯ ಬಾಂಗು, ಪಕ್ಕದ ಮನೆಯ ಭಜನೆ, ಆಟೋದವರ ಜಗಳ ಎಲ್ಲವೂ ಒಟ್ಟಿಗೇ ಏಳುತ್ತಿದ್ದವು. ಅದರಲ್ಲಿ ನನ್ನದೊಂದು ಕೂಗು. ನಿವೃತ್ತನಾಗಿ ಕೋಗಿಲು ಕಡೆಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಪೇಚಾಟ ಶುರುವಾಯಿತು. ನಮ್ಮದು ಮೊದಲ ಮಹಡಿ. ಬಾಗಿಲು ತೆರೆದರೆ ಎದುರಿಗೆ ಲಿಫ್ಟು, ಪಕ್ಕದವರ ಚಪ್ಪಲಿ ಸ್ಟ್ಯಾಂಡು. ಹೊರಗೆ ಎನ್ನುವುದೇ ಇಲ್ಲ. ಬಂದ ದಿನವೇ ನಾನು ಕೂಗಿದ್ದಕ್ಕೆ ಪಕ್ಕದ ಮನೆಯಾಕೆ ಗಾಬರಿಯಿಂದ ಹೊರಗೆ ಬಂದು, "ಅಂಕಲ್, ಯಾರಾದ್ರೂ ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರಾ?" ಎಂದು ಕೇಳಿದಳು.

ಜಯ ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ, "ಕೂಗ್ಲೇಬೇಕು ಅಂದ್ರೆ ಬಾಲ್ಕನಿಗೆ ಹೋಗಿ ಕೂಗ್ರೀ. ಕಾಗೆಗಾದ್ರೂ ಕೇಳ್ಸುತ್ತೆ" ಅಂದಳು. ಹಾಗೆ ನಮ್ಮ ವಂಶದ ಕೂಗು ಹೊಸ್ತಿಲು ಬಿಟ್ಟು ಬಾಲ್ಕನಿಗೆ ಬಂತು.

ಇದರ ಮೂಲ ಹುಡುಕಬೇಕೆಂದರೆ ಕೆಂಬರೆಗೆ ಹೋಗಬೇಕು. ಹೋಗಬೇಡಿ, ಈಗ ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಹೆಸರಘಟ್ಟ ದಾಟಿ, ಅರ್ಕಾವತಿಯ ಪಾತ್ರದ ಪಕ್ಕದಲ್ಲಿ ಒಂದು ಬೋಳು ಬೆಟ್ಟವಿದೆ. ಅದರ ನೆತ್ತಿಯ ಮೇಲೆ ನಮ್ಮೂರು, ಊರ ಸುತ್ತ ಕೋಟೆ, ಕೆಳಗೆ ಹೊಳೆ. ಅರ್ಕಾವತಿಯನ್ನು ಹೊಳೆ ಎಂದರೆ ನಿಮಗೆ ನಗು ಬರಬಹುದು. ಈಗ ಅದನ್ನು ದಾಟುವಾಗ ಬಸ್ಸಿನಲ್ಲಿ ಕೂತವರಿಗೆ ದಾಟಿದ್ದೇ ಗೊತ್ತಾಗುವುದಿಲ್ಲ. ಆದರೆ ನಮ್ಮ ತಾತ ಮಳೆಗಾಲದಲ್ಲಿ ಆ ಹೊಳೆಗೆ ಒಂದು ಜೊತೆ ಎತ್ತು ಕಳೆದುಕೊಂಡವನು. ಸಾಯುವ ತನಕ ಅದನ್ನು ಬರೀ 'ಹೊಳೆ' ಎನ್ನದೆ 'ಹೊಳೆಯಮ್ಮ' ಎನ್ನುತ್ತಿದ್ದ, ಪ್ರೀತಿಯಿಂದಲ್ಲ, ಭಯದಿಂದ.

ಕೋಟೆ ಎಂದಾಕ್ಷಣ ಚಿತ್ರದುರ್ಗವನ್ನು ನೆನೆಸಿಕೊಳ್ಳಬೇಡಿ. ಕೆಳಗೆ ಎರಡಾಳೆತ್ತರದ ಕಲ್ಲು, ಅದರ ಮೇಲೆ ಮಣ್ಣಿನ ಗೋಡೆ. ಮೂಲೆಗಳಲ್ಲಿ ದುಂಡನೆಯ ಬುರುಜುಗಳು. ಅವಕ್ಕೆ ನಮ್ಮ ಕಡೆ ಹುಡೇವು ಅನ್ನುತ್ತಾರೆ. ಮೂಡಣಕ್ಕೆ ಒಂದು ಹೆಬ್ಬಾಗಿಲು. ಹೊಳೆಯ ಕಡೆಗೆ, ಒಬ್ಬರು ಬಗ್ಗಿ ನುಸುಳುವಷ್ಟು ಒಂದು ದಿಡ್ಡಿ ಬಾಗಿಲು. ಎಷ್ಟು ಹಳೆಯದು ಎಂದು ಕೇಳಿದರೆ ತಾತ "ಬಲೇ ಅಳೇದು" ಎನ್ನುತ್ತಿದ್ದ. ಶಾಲೆಯ ಮೇಷ್ಟ್ರು "ಪಾಳೇಗಾರರ ಕಾಲದ್ದು" ಎನ್ನುತ್ತಿದ್ದರು. ಎರಡನ್ನೂ ಕೂಡಿಸಿದರೂ ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ದಂಡುಗಳ ಕಾಟ ನಿಂತ ಮೇಲೆ ಜನ ಒಬ್ಬೊಬ್ಬರೇ ಬೆಟ್ಟ ಇಳಿದು ಹೊಲಗಳ ಹತ್ತಿರ ಮನೆ ಕಟ್ಟಿಕೊಂಡರು. ನಾನು ಹುಟ್ಟುವ ಹೊತ್ತಿಗೆ ಮೇಲೆ ಉಳಿದಿದ್ದದ್ದು ಏಳೋ ಎಂಟೋ ಮನೆ. ಅದರಲ್ಲಿ ನಮ್ಮದು ಒಂದು.

ಬಿದ್ದ ಕೋಟೆಗಿಂತ ಒಳ್ಳೆಯ ಆಟದ ಜಾಗ ಮಕ್ಕಳಿಗೆ ಇನ್ನೊಂದಿಲ್ಲ. ಹುಡೇವಿನ ಮೇಲೆ ಸೀತಾಫಲದ ಗಿಡಗಳಿದ್ದವು. ಗೋಡೆಯ ಬಿರುಕಿನಲ್ಲಿ ಓತಿಕ್ಯಾತ ತಲೆ ಹಾಕಿ ನಮ್ಮನ್ನು ನೋಡಿ ಹೌದು ಹೌದು ಎನ್ನುತ್ತಿತ್ತು. ಬಂಡೆಯ ಗುಂಡಿಯಲ್ಲಿ ಮಳೆನೀರು ನಿಂತ ದೊಣೆಯಿತ್ತು. ಹಿಂದೆ ಧಾನ್ಯ ತುಂಬಿಡುತ್ತಿದ್ದ ಹಗೇವುಗಳಿದ್ದವು, ಮೇಲೆ ಮಡಕೆ ಬಾಯಿಯಷ್ಟು ಸಣ್ಣ ಕಿಂಡಿ, ಒಳಗೆ ಕೋಣೆಯಷ್ಟು ಜಾಗ. ಅಂಥ ಒಂದು ಹಗೇವಿನೊಳಗೆ ನಾನು ಬಿದ್ದಿದ್ದೇನೆ. ಒಳಗೆ ಕೂತು ಎಷ್ಟು ಅರಚಿದರೂ ನನ್ನ ದನಿ ನನಗೇ ವಾಪಸು ಬರುತ್ತಿತ್ತು. ಮೂರು ಗಳಿಗೆ ಕಳೆದ ಮೇಲೆ ತಾತ ಹಗ್ಗ ಇಳಿಬಿಟ್ಟ. ಮೇಲೆ ಬಂದವನಿಗೆ ಮೊದಲು ಎರಡು ಏಟು ಕೊಟ್ಟ, ಆಮೇಲೆ ಅಪ್ಪಿಕೊಂಡ, ಆಮೇಲೆ ಕೇಳಿದ: "ಓ ಅಂದ್ಯಾ? ಓ ಅಂತ ಕೂಗಿದ್ಯಾ ನೀನು?" ಕೂಗಿದೆ ಎಂದೆ. "ನಂಗೆ ಕೇಳ್ಲಿಲ್ಲ ಕಣೋ" ಎಂದು ಮುಖ ಆ ಕಡೆ ತಿರುಗಿಸಿದ. ಏಟಿಗಿಂತ ಆ ಮುಖ ನನಗೆ ಹೆಚ್ಚು ನೆನಪಿದೆ.

ಹೈಸ್ಕೂಲಿಗೆ ಯಲಹಂಕಕ್ಕೆ ಬಂದಾಗ ನಾನು ಗೆಳೆಯರ ಮುಂದೆ ಬಿಟ್ಟ ಬೂಸಿಗೆ ಲೆಕ್ಕವಿಲ್ಲ. ನಮ್ಮದು ಕೋಟೆ ಇರುವ ಊರು, ನಾವು ಪಾಳೇಗಾರರ ವಂಶ, ಮನೆಯಲ್ಲಿ ಕತ್ತಿ ಇದೆ ಎಂದೆಲ್ಲ ಹೇಳಿಕೊಂಡಿದ್ದೆ. ಕತ್ತಿ ಇದ್ದದ್ದು ನಿಜ. ಅದರಲ್ಲಿ ಅಜ್ಜಿ ಹಲಸಿನ ಹಣ್ಣು ಕೊಯ್ಯುತ್ತಿದ್ದಳು. ಗೆಳೆಯರ ದಂಡು ಒಂದು ಭಾನುವಾರ ಸೈಕಲ್ ತುಳಿದುಕೊಂಡು ಬೆಟ್ಟಕ್ಕೇ ಬಂದುಬಿಟ್ಟಿತು. ತಾತ ಅವರಿಗೆಲ್ಲ ಮಜ್ಜಿಗೆ ಕೊಟ್ಟು, "ನಾವು ಕದದ ಮನೆಯೋರು. ದಿಡ್ಡಿ ಬಾಗ್ಲು ತಗ್ಯೋದು, ಆಕೋದು, ಅದೇ ನಮ್ ಕೆಲ್ಸ" ಎಂದು ಇದ್ದದ್ದು ಇದ್ದಹಾಗೆ ಹೇಳಿದ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ನಾವು ಸೆಕ್ಯೂರಿಟಿಯವರು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನನ್ನು ಎಲ್ಲರೂ 'ದಿಡ್ಡಿ' ಎಂದೇ ಕರೆದರು.

ಕೂಗಿನ ಕಥೆಯನ್ನು ತಾತ ಹೇಳುತ್ತಿದ್ದದ್ದು ಹೀಗೆ. ಒಂದು ಮಳೆಗಾಲದಲ್ಲಿ ದಂಡು ಬಂತು. ಯಾರ ದಂಡು ಎಂದು ಅವನಿಗೂ ಗೊತ್ತಿರಲಿಲ್ಲ. ಕುದುರೆ ಇತ್ತು, ಬೆಂಕಿ ಇತ್ತು, ಅಷ್ಟೆ. ಹುಡೇವಿನ ಮೇಲಿಂದ ತಮಟೆ ಬಡಿದರು. ಹೊರಗಿದ್ದ ಜನ, ದನ ಎಲ್ಲ ಕೋಟೆಯೊಳಕ್ಕೆ ಓಡಿ ಬಂದವು. ಕಡೆಗೆ ನಮ್ಮ ಮೂಲಪುರುಷ ದಿಡ್ಡಿಯಲ್ಲಿ ನಿಂತು ಹೊಳೆಯ ಕಡೆಗೆ ಮೂರು ಸಲ ಕೂಗಿದ. ಯಾರೂ ಓಗೊಡಲಿಲ್ಲ. ಕದ ಹಾಕಿದ. ಮಾರನೆಯ ದಿನ ದಂಡು ಹೊರಟುಹೋದ ಮೇಲೆ ಕದ ತೆಗೆದರೆ, ಕೆಳಗಿನ ಅಗಸರ ಹಟ್ಟಿಯ ಏಳು ಹೆಂಗಸರು ದಿಡ್ಡಿಯ ಮುಂದೆಯೇ ಸತ್ತು ಬಿದ್ದಿದ್ದರು. ಹೊಳೆಯ ಭೋರ್ಗರೆತದಲ್ಲಿ ಅವರಿಗೆ ಕೂಗು ಕೇಳಿಸಿರಲಿಲ್ಲವಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರು ಸಲ ಕೂಗದೆ ಯಾರೂ ಕದ ಹಾಕುವುದಿಲ್ಲ. "ನಮ್ಮೋರ್ದು ತೆಪ್ಪಿಲ್ಲ. ಮೂರ್ ಸಲ ಕೂಗವ್ರೆ" ಎಂದು ತಾತ ಕಥೆ ಮುಗಿಸುತ್ತಿದ್ದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆಯಿದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ. ನಮ್ಮವರು ಸರಿಯಾದ ಹೊತ್ತಿಗೆ ಹಾಕಿದವರು.

ಬಾಲ್ಕನಿಯ ಕೂಗಿಗೆ ಬರುತ್ತೇನೆ. ನಮ್ಮ ಬಾಲ್ಕನಿಯ ಕೆಳಗೆ ಕಾಂಪೌಂಡಿನ ಒಂದು ಸಣ್ಣ ಗೇಟು, ಗೇಟಿನ ಆಚೆ ರಸ್ತೆಯ ತಗ್ಗಿನಲ್ಲಿ ತಗಡಿನ ಒಂದು ಇಸ್ತ್ರಿ ಅಂಗಡಿ. ಅಂಗಡಿಯೇ ಮನೆ. ನಾನು ಮೊದಲ ಸಲ ಅಲ್ಲಿಂದ ಕೂಗಿದ ಸಂಜೆ, ಎರಡನೆಯ ಕೂಗಿಗೆ ಆ ತಗಡಿನ ಒಳಗಿನಿಂದ ಮುದಿ ದನಿಯೊಂದು ಎದ್ದು ಬಂತು. "ಓ... ತಡೀರೀ, ಬಂದೋ!"

ಐವತ್ತು ವರ್ಷ ಕೂಗಿದ್ದೇನೆ, ಒಂದು ದಿನವೂ ಯಾರೂ ಓಗೊಟ್ಟಿರಲಿಲ್ಲ. ಕೂಗುವುದಷ್ಟೇ ನಮಗೆ ಗೊತ್ತು. ಓಗೊಟ್ಟರೆ ಏನು ಮಾಡಬೇಕೆಂದು ತಾತ ಹೇಳಿಕೊಟ್ಟಿರಲಿಲ್ಲ. ಮೂರನೆಯದನ್ನು ಕೂಗದೆ ಒಳಗೆ ಬಂದುಬಿಟ್ಟೆ.

ಮರುದಿನ ಇಸ್ತ್ರಿ ಮಾಡುವ ರತ್ನಮ್ಮ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಸಾರ್, ನೀವು ಕೆಂಬರೆ ಕದದ ಮನೆಯೋರಾ?"

"ಹೌದು. ನಿಂಗೆ ಹೆಂಗೆ ಗೊತ್ತಾಯ್ತು?"

"ನಂಗೆಲ್ಲಿ ಗೊತ್ತು? ನಮ್ಮತ್ತೆ ಏಳಿದ್ಲು. ಇಂಗೆ ಕೂಗೋರು ಲೋಕದಾಗೆ ಇನ್ಯಾರೂ ಇಲ್ವಂತೆ. ನಾವೂ ಅಲ್ಲೀವ್ರೇ ಗೌಡ್ರೇ. ಕೆಳಗ್ಲಟ್ಟಿ."

ಕೆಳಗಲಹಟ್ಟಿ ಎಂದರೆ ಹೊಳೆದಂಡೆಯ ಅಗಸರ ಕೇರಿ, ಕೋಟೆಯ ಹೊರಗಿದ್ದದ್ದು. ರತ್ನಮ್ಮನಿಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ತಿಮ್ಮಕ್ಕ, ಇಬ್ಬರೇ. ತಿಮ್ಮಕ್ಕನಿಗೆ ಎಂಬತ್ತು ದಾಟಿತ್ತು, ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಇಸ್ತ್ರಿ ಮೇಜಿನ ಪಕ್ಕದ ಮಂಚದಲ್ಲಿ ಕೂತು ಇಡೀ ದಿನ ಬಟ್ಟೆ ಮಡಿಸಿ ಗಂಟು ಕಟ್ಟುತ್ತಿದ್ದಳು. ಅವತ್ತಿನಿಂದ ಅದೊಂದು ಆಟವಾಯಿತು. ಸಂಜೆ ನಾನು ಮೇಲಿಂದ ಕೂಗುವುದು, ಅವಳು ಕೆಳಗಿಂದ "ಓ... ತಡೀರೀ, ಬಂದೋ!" ಎನ್ನುವುದು, ಮೂರು ಸಲ. ಆಮೇಲೆ ಇಬ್ಬರೂ ನಗುವುದು. ಬಂದೆವು ಎಂದು ಅವಳು ಹೇಳುತ್ತಿದ್ದಳು, ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಇದನ್ನು ನೋಡಲು ಪಾರ್ಕಿನಲ್ಲಿ ಸೇರುತ್ತಿದ್ದವು. ಜಯ ಕೂಡ ಬೈಯುವುದನ್ನು ನಿಲ್ಲಿಸಿದಳು.

ನಿವೃತ್ತಿಯಾದವರಿಗೆ ಬರುವ ರೋಗಗಳಲ್ಲಿ ಊರಿನ ಚರಿತ್ರೆ ಬರೆಯುವುದೂ ಒಂದು. ನನಗೆ ಅದು ಜೋರಾಗಿಯೇ ತಗುಲಿತ್ತು. ಇನ್ನೂರು ಪುಟದ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ 'ಕೆಂಬರೆ ಕೋಟೆಯ ಚರಿತ್ರೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಆರು ತಿಂಗಳು ಹಾಗೇ ಇಟ್ಟಿದ್ದೆ. ಈಗ ಉತ್ಸಾಹ ಬಂತು. ಒಂದು ಮಧ್ಯಾಹ್ನ ಅಂಗಡಿಗೆ ಇಳಿದು, ಸ್ಟೂಲಿನ ಮೇಲೆ ಕೂತು, ದಂಡು ಬಂದ ಕಥೆಯನ್ನು ತಿಮ್ಮಕ್ಕನಿಗೆ ಓದಿ ಹೇಳಿದೆ. ಮುದುಕಿ ಮೆಚ್ಚಿಕೊಂಡಾಳು ಎಂದಿತ್ತು.

ಅವಳು ಒಂದು ಪಂಚೆ ಮಡಿಸಿ ಮುಗಿಸಿದಳು. ಆಮೇಲೆ, "ನಮ್ಮನ್ಯಾಗೆ ಬ್ಯಾರೆ ಏಳ್ತಾರೆ ಬುದ್ಧಿ" ಅಂದಳು.

"ಏನ್ ಹೇಳ್ತಾರೆ?"

"ಓಗೊಟ್ರು ಅಂತ ಏಳ್ತಾರೆ. ಮೂರ್ ಸಲ ನಿಮ್ಮೋರು ಕೂಗುದ್ರು, ಮೂರ್ ಸಲಾನೂ ನಮ್ಮೋರು ಓ ಅಂದ್ರು. ತಡೀರಿ ಬಂದೋ ಅಂದ್ರು. ಕದ ಆಕ್ಬಿಟ್ರು."

ನಾನು ಹೊಳೆಯ ಸದ್ದಿನ ವಿಷಯ ಎತ್ತಿದೆ. ಅವಳು ನಕ್ಕಳು, ಸಿಟ್ಟಿನಿಂದಲ್ಲ. "ನಿಮ್ ಕೂಗು ನಮ್ಗೆ ಕೇಳ್ತು, ನಮ್ಮ ಕೂಗು ನಿಮ್ಗೆ ಕೇಳ್ಲಿಲ್ವಾ? ಒಳೆ ಒಂದೇ ಕಡಿಕೆ ಸದ್ದು ಮಾಡ್ತದಾ ಬುದ್ಧಿ?"

ರತ್ನಮ್ಮ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದವಳು, "ಬಿಡತ್ತೆ, ಅಳೇ ಕತೆ" ಎಂದಳು. ಮುದುಕಿ ಬಿಡಲಿಲ್ಲ. ಆ ಏಳು ಜನ ಯಾಕೆ ಹಿಂದೆ ಬಿದ್ದರು ಎಂಬುದನ್ನೂ ಹೇಳಿದಳು. ತಮಟೆ ಕೇಳಿದಾಗ ಅವರು ಹೊಳೆಯಲ್ಲಿದ್ದರು. ಕೈ ಬೀಸಿಕೊಂಡು ಓಡಿ ಬಂದಿದ್ದರೆ ಎಲ್ಲರಿಗಿಂತ ಮುಂಚೆ ಕೋಟೆ ಸೇರುತ್ತಿದ್ದರು. ಆದರೆ ಒಗೆಯುತ್ತಿದ್ದದ್ದು ಕೋಟೆಯವರ ಬಟ್ಟೆ. ಬಿಟ್ಟು ಬಂದರೆ ಬೈಯುತ್ತಾರೆ ಎಂದು ಒದ್ದೆ ಬಟ್ಟೆಯನ್ನೆಲ್ಲ ಹಿಂಡಿ, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿದರು. ಸತ್ತಾಗಲೂ ಗಂಟು ಪಕ್ಕದಲ್ಲೇ ಇದ್ದವಂತೆ. ಕೋಟೆಯವರು ಮೊದಲು ತಂತಮ್ಮ ಬಟ್ಟೆ ಆರಿಸಿಕೊಂಡರು ಎಂದು ಹೇಳಿ ತಿಮ್ಮಕ್ಕ ಇನ್ನೊಂದು ಪಂಚೆ ಕೈಗೆತ್ತಿಕೊಂಡಳು. ಅದು ನನ್ನದೇ ಪಂಚೆ.

"ಏಳ್ ಜನದ ಎಸ್ರೂ ಬತ್ತದೆ ನಂಗೆ. ಬರ್ಕತೀರಾ?" ಎಂದು ಕೇಳಿದಳು.

ನಮ್ಮ ಮೂಲಪುರುಷನ ಹೆಸರು, ಅವನ ಮಗನ ಹೆಸರು, ಮೊಮ್ಮಗನ ಹೆಸರು ನನಗೆ ಬಾಯಿಪಾಠ. ಆ ಏಳು ಜನಕ್ಕೆ ಹೆಸರು ಇದ್ದೀತು ಎಂದೇ ನನಗೆ ಹೊಳೆದಿರಲಿಲ್ಲ. ನೋಟ್‌ಬುಕ್ ಮುಚ್ಚಿದೆ. "ಭಾನ್ವಾರ ಬಂದು ಬರ್ಕೊಂತೀನಿ ತಿಮ್ಮಕ್ಕ" ಎಂದೆ. ಪೆನ್ನು ಜೇಬಿನಲ್ಲೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಿತ್ತು. ಹೆಸರು ಬರೆದುಕೊಂಡರೆ ಅವಳ ಕಥೆಯನ್ನೂ ಬರೆದುಕೊಳ್ಳಬೇಕು, ಬರೆದರೆ ತಾತ ಸುಳ್ಳುಗಾರನಾಗುತ್ತಾನೆ. ಆ ಭಾನುವಾರ ಯಾರದೋ ಗೃಹಪ್ರವೇಶ ಬಂತು. ಮುಂದಿನ ಭಾನುವಾರ ಇನ್ನೇನೋ. ತಿಮ್ಮಕ್ಕ ಸಂಜೆ ಓಗೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆಮೇಲೆ ಆ ಮಳೆ ಬಂತು. ನಮ್ಮ ಕಡೆಯ ಕೆರೆಗಳು ತುಂಬಿ ಬಡಾವಣೆಗಳಿಗೆ ನುಗ್ಗುವುದನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ದೋಣಿಯಲ್ಲಿ ಜನ, ತೇಲುವ ಕಾರು, ಮಂಡಿಯುದ್ದ ನೀರಿನಲ್ಲಿ ನಿಂತು ಮಾತಾಡುವ ವರದಿಗಾರ. ಟೀವಿಯಲ್ಲಿ ಅದಕ್ಕೆ ವಾಸನೆ ಇರುವುದಿಲ್ಲ. ಬೆಳಗಿನ ಆರೂವರೆ. ವಾಚ್‌ಮನ್ ಬಂದು ಬಾಗಿಲು ಬಡಿದ. ಮೇಲಿನ ಕೆರೆಯ ಏರಿ ಒಡೆದಿದೆ, ರಾಜಕಾಲುವೆ ಉಕ್ಕಿ ರಸ್ತೆಗೆ ಬಂದಿದೆ, ಸಣ್ಣ ಗೇಟಿನಿಂದ ನೀರು ಒಳಗೆ ಬರಲು ಶುರುವಾಗಿದೆ ಎಂದ. ಆ ಗೇಟಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಅಸೋಸಿಯೇಶನ್‌ನವರು ಕೇಳಿದಾಗ ನಾನೇ ಮುಂದೆ ಬಿದ್ದು ವಹಿಸಿಕೊಂಡಿದ್ದೆ. "ಬಾಗಿಲು ಕಾಯೋದು ನಮ್ಮ ರಕ್ತದಲ್ಲೇ ಇದೆ" ಎಂದು ಮೀಟಿಂಗಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಕೆಳಗೆ ಹೋದೆ. ಹತ್ತು ಹದಿನೈದು ಜನ ಸೇರಿದ್ದರು. ಮರಳಿನ ಮೂಟೆ, ಒಂದು ದೊಡ್ಡ ತಗಡು ಸಿದ್ಧವಾಗಿತ್ತು. ರಸ್ತೆಯಲ್ಲಿ ನೀರು ಮಂಡಿಯ ತನಕ, ಕೆಂಪಗೆ, ಕಸಕಡ್ಡಿ ಎಳೆದುಕೊಂಡು ಹೋಗುತ್ತಿತ್ತು. ಅಂಗಡಿಯ ಕಡೆ ನೋಡಿದೆ. ತಗಡಿನ ಬಾಗಿಲು ತೆರೆದಿತ್ತು. ಒಳಗೆ ರತ್ನಮ್ಮ ಸ್ಟೂಲಿನ ಮೇಲೆ ಹತ್ತಿ, ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಮೇಲಿನ ಹಲಗೆಗೆ ಸೇರಿಸುತ್ತಿದ್ದಳು. ನಮ್ಮ ಬಟ್ಟೆ. ಮಂಚದ ಮೇಲೆ ತಿಮ್ಮಕ್ಕ ಕೂತೇ ಇದ್ದಳು, ಗಂಟುಗಳನ್ನು ಎತ್ತಿ ಸೊಸೆಯ ಕೈಗೆ ಕೊಡುತ್ತಾ.

"ಅಂಕಲ್, ಏನ್ ನೋಡ್ತಿದೀರಾ? ಬೇಗ ಲಾಕ್ ಮಾಡಿ! ಬೇಸ್‌ಮೆಂಟಿಗೆ ನೀರ್ ಹೋಗ್ತಿದೆ, ಜನರೇಟರ್ ಇದೆ, ಲಿಫ್ಟ್ ಇದೆ" ಎಂದು ಯಾರೋ ಅರಚಿದರು. ಗೇಟು ಎಳೆದೆ. ನೀರು ಎದುರು ತಳ್ಳುತ್ತಿತ್ತು, ಇಬ್ಬರು ಕೈಹಾಕಿದರು. ನಾನು ಕೂಗಲಿಲ್ಲ. ಪ್ರತಿ ಸಂಜೆ ಯಾರೂ ಇಲ್ಲದ ಲಿಫ್ಟಿಗೂ, ಕಾಗೆಗೂ ಕೂಗುತ್ತಿದ್ದವನು ಅವತ್ತು ಒಂದು ಸಲವೂ ಕೂಗಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ಹೊರಗೆ ಯಾರಿದ್ದಾರೆ ಎಂದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಬೀಗದ ಕೈ ತಿರುಗಿಸುವಾಗ ರತ್ನಮ್ಮ ನೋಡಿದಳು. "ಗೌಡ್ರೇ, ಒಂದ್ನಿಮ್ಸ! ಅತ್ತೆನ ಎತ್ಕೊಂಡ್ ಬತ್ತೀನಿ, ಒಂದ್ನಿಮ್ಸ ತಡೀರಿ!" ಎಂದು ಸ್ಟೂಲಿನಿಂದ ಹಾರಿದಳು. ಗೇಟಿನಿಂದ ಅಂಗಡಿಗೆ ಇಪ್ಪತ್ತು ಹೆಜ್ಜೆ. ಗೇಟಿನ ಒಳಗೆ ನಾಲ್ಕು ಮೆಟ್ಟಿಲು ಹತ್ತಿದರೆ ಒಣ ನೆಲ. ನಾನು ಹಿಂದಕ್ಕೆ ತಿರುಗಿ, "ಇಬ್ರಿದಾರೆ, ತಡೀರಿ" ಎಂದು ಹೇಳಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಜನ ತಗಡು ಹೊತ್ತು ತಂದರು. ಕೈ ತಂತಾನೇ ಬೀಗ ಹಾಕಿತು ಎನ್ನಲು ಆಸೆಯಾಗುತ್ತದೆ. ಹಾಕಿದ್ದು ನಾನೇ.

ನೆಲಮಾಳಿಗೆಗೆ ನೀರು ಹೇಗೂ ಬಂತು, ಒಳಗಿನ ಚರಂಡಿಯಿಂದಲೇ ಉಕ್ಕಿ ಬಂತು. ಹೊರಗೆ ಅರ್ಧ ಗಂಟೆಯಲ್ಲಿ ಎದೆಮಟ್ಟ ಆಯಿತಂತೆ. ರತ್ನಮ್ಮ ಅತ್ತೆಯನ್ನು ಇಸ್ತ್ರಿ ಮೇಜಿನ ಮೇಲೆ ಮಲಗಿಸಿ ಹಿಡಿದುಕೊಂಡು ನಿಂತಿದ್ದಾಳೆ. ಮೇಜು ತೇಲಿ ಮಗುಚಿತು. ರಬ್ಬರ್ ದೋಣಿ ಬಂದಾಗ ರತ್ನಮ್ಮ ತಗಡಿನ ಕಂಬ ಹಿಡಿದುಕೊಂಡು ಒಬ್ಬಳೇ ಇದ್ದಳು. ತಿಮ್ಮಕ್ಕ ಮಧ್ಯಾಹ್ನ ನೀರು ಇಳಿದ ಮೇಲೆ ಸಿಕ್ಕಳು, ನಮ್ಮ ಸಣ್ಣ ಗೇಟಿಗೆ ಒತ್ತಿಕೊಂಡು.

ಸಂಜೆ ಒಬ್ಬ ಅಧಿಕಾರಿ ಬಂದ. ಚಿಕ್ಕ ವಯಸ್ಸು, ಪ್ಯಾಂಟು ತೊಡೆಯ ತನಕ ಒದ್ದೆ, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ಅಸೋಸಿಯೇಶನ್‌ನವರೆಲ್ಲ ಸುತ್ತ ನಿಂತಿದ್ದರು. ಸ್ವಲ್ಪ ದೂರದಲ್ಲಿ ಯಾರೋ ಹೊದಿಸಿದ ಬೆಡ್‌ಶೀಟಿನಲ್ಲಿ ರತ್ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ಗೇಟ್ ಹಾಕ್ಬೇಕಾದ್ರೆ ಹೊರಗಡೆ ಯಾರಾದ್ರೂ ಇದಾರಾ ಅಂತ ನೋಡಿದ್ರಾ ಸಾರ್?"

ನಾನು ಹೇಳಿದೆ. ಯೋಚಿಸದೆ ಹೇಳಿದೆ, ಪಾಠ ಒಪ್ಪಿಸುವವನ ಹಾಗೆ. "ಕೂಗ್ದೆ ಸಾರ್. ಮೂರು ಸಲ ಕೂಗ್ದೆ. ಯಾರೂ ಓ ಅನ್ಲಿಲ್ಲ."

"ನೀರಿನ ಸೌಂಡ್ ಇತ್ತಲ್ಲ ಸಾರ್, ಕೇಳ್ಸಿರಲ್ಲ" ಎಂದು ಸೆಕ್ರೆಟರಿ ಸೇರಿಸಿದ. ಎಲ್ಲರೂ ತಲೆಯಾಡಿಸಿದರು. ಅಂಕಲ್ ದಿನಾ ಕೂಗುತ್ತಾರೆ ಎಂಬುದಕ್ಕೆ ಇಡೀ ಅಪಾರ್ಟ್‌ಮೆಂಟೇ ಸಾಕ್ಷಿ. ಅಧಿಕಾರಿ ಬರೆದುಕೊಂಡ. ನಾನು ರತ್ನಮ್ಮನ ಕಡೆ ನೋಡಿದೆ. ಅವಳು ನನ್ನನ್ನು ನೋಡಿದಳು. ಬೆಡ್‌ಶೀಟಿನ ತುದಿ ಎಳೆದುಕೊಂಡಳು.

ಮೂರನೆಯ ದಿನ ವಾಚ್‌ಮನ್ ಕೈಯಲ್ಲಿ ಒಂದು ಗಂಟು ಕಳಿಸಿದಳು. ನನ್ನ ಎರಡು ಅಂಗಿ, ಮೂರು ಪಂಚೆ, ಜಯಳ ಒಂದು ಸೀರೆ. ಒಂದು ಹನಿ ನೀರು ತಾಗಿರಲಿಲ್ಲ. ಮಡಿಕೆ ತಿಮ್ಮಕ್ಕನದು. ಜಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ನಾನು ಆ ಅಂಗಿಗಳನ್ನು ಇನ್ನೂ ಹಾಕಿಕೊಂಡಿಲ್ಲ.

ತಗಡಿನ ಅಂಗಡಿಯನ್ನು ಆಮೇಲೆ ತೆಗೆಸಿದರು. ರತ್ನಮ್ಮ ಈಗ ಟಿ. ದಾಸರಹಳ್ಳಿಯಲ್ಲಿ ತಮ್ಮನ ಮನೆಯ ಮುಂದೆ ಇಸ್ತ್ರಿ ಮೇಜು ಹಾಕಿಕೊಂಡಿದ್ದಾಳೆ ಎಂದು ತಿಳಿಯಿತು. ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಎರಡು ಬಸ್ಸು ಬದಲಾಯಿಸಿ, ನೋಟ್‌ಬುಕ್ ಹಿಡಿದುಕೊಂಡು ಹೋದೆ. ಅವಳು ಪೆಟ್ಟಿಗೆ ಓಡಿಸುವುದನ್ನು ನಿಲ್ಲಿಸಲಿಲ್ಲ. ಕೂತ್ಕೊಳಿ ಎನ್ನಲಿಲ್ಲ.

"ರತ್ನಮ್ಮ, ಆ ಏಳು ಜನದ ಹೆಸ್ರು ಬೇಕಿತ್ತು."

"ಅತ್ತೆಗೆ ಬತ್ತಿತ್ತು ಏಳೂ. ನಂಗೆ ನಾಕೇ ಬರೋದು." ಒಂದು ತೋಳು ಮುಗಿಸಿ ಇನ್ನೊಂದು ತೋಳು ಹರಡಿದಳು. "ಚೆನ್ನಿ. ಮಾಳಿ. ದೊಡ್ಡನಿಂಗಿ. ಗಂಗಿ. ಬರ್ಕೊಂಡ್ರಾ?"

"ಬರ್ಕೊಂಡೆ."

"ಮಿಕ್ಕಿದ್ದ ಮೂರು ಓದ್ವು." ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು ಮೊದಲ ಸಲ ತಲೆ ಎತ್ತಿದಳು. "ನಮ್ಮತ್ತೇದು ಎಂಗ್ ಬರೀತೀರಾ ಗೌಡ್ರೇ? ಮೂರ್ ಸಲ ಕೂಗ್ದೆ ಅಂತ್ಲಾ?"

ನಾನು ನೋಟ್‌ಬುಕ್ ಮುಚ್ಚಿದೆ. ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ನಾನು ಬಸ್ ಸ್ಟಾಪಿಗೆ ನಡೆದೆ.

ಮೊನ್ನೆ ಮಗಳು ಬಂದಿದ್ದಳು, ಮೊಮ್ಮಗಳ ಜೊತೆ. ಎಂಟು ವರ್ಷದ ಕೂಸು. ಬಾಲ್ಕನಿಯಲ್ಲಿ ನಿಂತು ಕೆಳಗಿನ ಖಾಲಿ ಜಾಗ ತೋರಿಸಿ, ಪಕ್ಕದ ಮನೆಯ ಹುಡುಗಿಗೆ ಕಥೆ ಹೇಳುತ್ತಿತ್ತು: "ಅಲ್ಲೊಂದು ಅಜ್ಜಿ ಇತ್ತು. ಫ್ಲಡ್ ಬಂದಾಗ ನಮ್ಮ ತಾತ ಮೂರು ಸಲ ಕರೆದ್ರಂತೆ. ಅಜ್ಜಿ ಮಾತೇ ಆಡ್ಲಿಲ್ವಂತೆ." ಅವಳಿಗೆ ಯಾರು ಹೇಳಿದರು ಎಂದು ಮಗಳನ್ನು ಕೇಳಲಿಲ್ಲ. ನನ್ನ ತಾತನಿಗೂ ಯಾರೋ ಹೀಗೇ ಹೇಳಿರಬೇಕು, ಅವನು ನಂಬಿರಬೇಕು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಂಬರೆ ಕೋಟೆಯ ಚರಿತ್ರೆ ಇಷ್ಟೇ: ಹೊರಗೆ ಉಳಿದವರು ಏಳು ಜನ, ನಾಲ್ಕು ಹೆಸರು ಗೊತ್ತು, ಮೂರು ನನ್ನಿಂದ ಹೋದವು. ಎಂಟನೆಯವಳು ತಿಮ್ಮಕ್ಕ. ನಾನು ಬೀಗ ಹಾಕುವಾಗ ಒಂದು ಸಲ, ತಗಡು ನಿಲ್ಲಿಸುವಾಗ ಒಂದು ಸಲ, ಕಡೆಯ ಮೂಟೆ ಇಡುವಾಗ ಒಂದು ಸಲ, ಮಂಚದ ಮೇಲಿನಿಂದ ಆ ಮುದಿ ದನಿ ಎದ್ದು ಬಂತು. "ಓ... ತಡೀರೀ, ಬಂದೋ!" ನಾನು ಕೂಗಿರಲಿಲ್ಲ. ಅವಳು ಮೂರು ಸಲವೂ ಓಗೊಟ್ಟಳು. ನನಗೆ ಕೇಳಿಸಿತು.